ಮೇ ತಿಂಗಳ ಬಾವಿ, ಜುಲೈ ತಿಂಗಳ ದಾರಿ: ಮಲೆನಾಡಿನ ಒಳಗೆ ಮನೆ ಆರಿಸುವವರಿಗೆ

ಈಚೆಗೆ ಒಂದೇ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಿದ್ದಾರೆ. "ಪೇಟೆ ಸಾಕಾಗಿದೆ. ತೀರ್ಥಹಳ್ಳಿ ಕಡೆ ಒಂದು ಹಳೇ ಮನೆ ಬಾಡಿಗೆಗೆ ಸಿಗುತ್ತಂತೆ. ಹೊಸನಗರದ ಹತ್ತಿರ ಒಂದೂವರೆ ಎಕರೆ ತೋಟ ಮನೆ ಸಮೇತ ಮಾರಾಟಕ್ಕಿದೆಯಂತೆ. ಊರಲ್ಲಿ ಅಜ್ಜನ ಮನೆಯೂ ಬೀಗ ಹಾಕಿಕೊಂಡೇ ಇದೆ. ಯಾವುದಕ್ಕೆ ಹೋಗೋಣ?"

ನಾವು ಈ ಕಡೆ ಬಂದು ಒಂಬತ್ತು ಮಳೆಗಾಲ ಆಯ್ತು. ಹೊಸನಗರ ತಾಲೂಕಿನ ಒಳಗೆ ನಮ್ಮ ಮನೆ. ಡಾಂಬರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಮಣ್ಣು ದಾರಿ, ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಮನೆ ನೋಡಲು ಬಂದದ್ದು ಡಿಸೆಂಬರ್‌ನಲ್ಲಿ. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಹಳ್ಳದಲ್ಲಿ ಪಾದ ನೆನೆಯುವಷ್ಟು ನೀರು. ಕಾರು ಹಳ್ಳಕ್ಕಿಳಿದು ಹತ್ತಿ ಸೀದಾ ಅಂಗಳಕ್ಕೇ ಬಂತು. ಜುಲೈಯಲ್ಲಿ ಅದೇ ಹಳ್ಳ ಸಂಕದ ಮೇಲೆ ಹರಿಯಿತು. ಗ್ಯಾಸ್ ಸಿಲಿಂಡರ್ ಆಚೆ ದಡದ ಹಲಸಿನ ಮರದ ಬುಡದಲ್ಲಿ ಮೂರು ದಿನ ಕೂತಿತ್ತು, ನಾವು ಈಚೆ ದಡದಲ್ಲಿ. ನಾಲ್ಕನೇ ದಿನ ನೀರು ಸ್ವಲ್ಪ ಇಳಿದಾಗ ಆಚೆಮನೆ ಗೌಡ್ರು ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು, ಸಿಲಿಂಡರನ್ನು ಹೆಗಲಿಗೇರಿಸಿ ದಾಟಿಸಿಕೊಟ್ಟರು. ಅಡುಗೆಮನೆಯಲ್ಲಿ ಇಳಿಸಿ ಒಂದೇ ಮಾತು ಹೇಳಿದರು: "ಮನೆ ನೋಡಕ್ಕೆ ಮಳೆಗಾಲ್ದಲ್ಲಿ ಬರ್ಬೇಕಿತ್ತು ಮಾರಾಯ್ರೆ."

ಅವರ ಆ ಮಾತೇ ನಾನು ಹೇಳಬೇಕಾದ್ದರ ಅರ್ಧ. ಇನ್ನರ್ಧ ಬೇಸಿಗೆಯದ್ದು. ಮಲೆನಾಡಿನ ಮನೆಯನ್ನು ಎರಡು ಸಲ ನೋಡಬೇಕು. ಮೇ ತಿಂಗಳಲ್ಲಿ ಬಾವಿ ನೋಡಬೇಕು, ಜುಲೈಯಲ್ಲಿ ದಾರಿ ನೋಡಬೇಕು. ಡಿಸೆಂಬರ್‌ನಲ್ಲಿ ಎಲ್ಲ ಮನೆಯೂ ಚೆಂದವೇ.

ಮೊದಲು ಅಳತೆ, ಆಮೇಲೆ ಮನೆ

ನಾನು ನೋಡುವುದು ಆರು ವಿಷಯ: ದಾರಿ, ನೀರು, ಆಸ್ಪತ್ರೆ, ಕಾಗದಪತ್ರ, ಕರೆಂಟು ಮತ್ತು ನೆಟ್‌ವರ್ಕ್, ಅಕ್ಕಪಕ್ಕದವರು. ಮನೆಯ ಮಾಡು, ಗೋಡೆ, ಬಚ್ಚಲು ಈ ಪಟ್ಟಿಯಲ್ಲಿ ಬೇಕಂತಲೇ ಇಲ್ಲ. ಅವನ್ನು ದುಡ್ಡು ಹಾಕಿದರೆ ಸರಿ ಮಾಡಬಹುದು. ಬತ್ತುವ ಬಾವಿ, ಬೇರೆಯವರ ಜಮೀನಿನ ಮೇಲೆ ಹಾದ ದಾರಿ, ಎರಡು ಗಂಟೆ ದೂರದ ಆಸ್ಪತ್ರೆ, ಇವು ದುಡ್ಡಿಗೂ ಬಗ್ಗುವುದಿಲ್ಲ. ಹೊಸಬರು ತೊಲೆ, ಕಂಬ, ಜಗಲಿ ನೋಡಿ ಮನಸ್ಸು ಕೊಟ್ಟುಬಿಡುತ್ತಾರೆ. ಕೊಡಿ, ತಪ್ಪಿಲ್ಲ. ಮುಂಗಡ ಮಾತ್ರ ಕೊಡಬೇಡಿ.

ದಾರಿಯಿಂದಲೇ ಶುರು ಮಾಡೋಣ. ಶಿವಮೊಗ್ಗ ಪೇಟೆಯಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿಂದ 90 ಕಿಲೋಮೀಟರ್ ಪಶ್ಚಿಮಕ್ಕೆ ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಒಂದೇ ಜಿಲ್ಲೆಯ ಮಾತಿದು. ಹಾಗಾಗಿ "ಶಿವಮೊಗ್ಗ ಜಿಲ್ಲೆಯಲ್ಲಿ ಮನೆ" ಅಂದರೆ ಏನೂ ಹೇಳಿದಂತಾಗಲಿಲ್ಲ. ಘಟ್ಟದ ಅಂಚಿಗೆ ಹೋದಷ್ಟೂ ದಾರಿಯ ಪರೀಕ್ಷೆ ಕಠಿಣ.

ಡಾಂಬರು ಮುಗಿದ ಜಾಗದಿಂದ ಅಂಗಳದ ತನಕ ನಡೆದೇ ಹೋಗಿ. ಕಾರಿನಲ್ಲಿ ಕೂತರೆ ಗೊತ್ತಾಗುವುದಿಲ್ಲ. ಏರು ಎಷ್ಟಿದೆ? ಪಕ್ಕದಲ್ಲಿ ನೀರು ಹೋಗಲು ಚರಂಡಿ ಇದೆಯಾ, ಇಲ್ಲ ದಾರಿಯೇ ಚರಂಡಿಯಾ? ಹಳ್ಳಕ್ಕೆ ಮೋರಿ ಇದೆಯಾ, ಬರೀ ಸಂಕವಾ? ಜಂಬಿಟ್ಟಿಗೆ ಮಣ್ಣಿನ ದಾರಿ ಸ್ವಲ್ಪ ತಾಳಿಕೊಳ್ಳುತ್ತದೆ. ಜೇಡಿಮಣ್ಣಿನ ಏರಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರು ರಸ್ತೆ ಬದಿಯಲ್ಲೇ ನಿಲ್ಲುತ್ತದೆ ಅಂತ ಈಗಲೇ ಲೆಕ್ಕ ಹಾಕಿಕೊಳ್ಳಿ. ದಾರಿಯ ಪಕ್ಕ ಎತ್ತರದ ಧರೆ (ಕಡಿದು ನಿಂತ ಮಣ್ಣಿನ ಗೋಡೆ) ಇದ್ದರೆ ಅದರ ಮೇಲಿನ ಮರಗಳು ನೆಟ್ಟಗಿವೆಯಾ ನೋಡಿ. ಬುಡ ಬಗ್ಗಿ ದಾರಿಯ ಕಡೆ ವಾಲಿದ್ದರೆ ಮಣ್ಣು ನಿಧಾನಕ್ಕೆ ಜಾರುತ್ತಿದೆ ಅಂತ ಅರ್ಥ.

ದಾರಿ ಯಾರದ್ದು ಅನ್ನುವುದೂ ಮುಖ್ಯ. ಗ್ರಾಮದ ನಕ್ಷೆಯಲ್ಲಿ ಗುರುತಾಗಿರುವ ದಾರಿಗೆ ಇಲ್ಲಿ "ನಕಾಶೆ ಕಂಡ ದಾರಿ" ಅನ್ನುತ್ತಾರೆ. ಅಂಥ ದಾರಿಗೆ ಯಾರೂ ಬೇಲಿ ಹಾಕುವಂತಿಲ್ಲ. ಎಷ್ಟೋ ಒಂಟಿಮನೆಗಳ ದಾರಿ ಮಾತ್ರ ಇನ್ನೊಬ್ಬರ ತೋಟದ ಅಂಚಿನಲ್ಲಿ, ಹಿಂದಿನವರ ಸ್ನೇಹದ ಮೇಲೆ ನಡೆದು ಬಂದಿರುತ್ತದೆ. ಮನೆ ಕೈ ಬದಲಾದ ದಿನ ಆ ಸ್ನೇಹ ನಿಮಗೆ ಬರುವುದಿಲ್ಲ. ಕೊಳ್ಳುವುದಾದರೆ ದಾರಿಯ ಹಕ್ಕನ್ನು ಕ್ರಯಪತ್ರದಲ್ಲೇ ಬರೆಸಿ.

ಇನ್ನು ನೀರು. ಇಷ್ಟು ಮಳೆ ಬೀಳುವ ಕಡೆ ನೀರಿಗೇನು ಬರ ಅನ್ನಿಸುತ್ತದೆ ಅಲ್ವಾ? ಬಿದ್ದ ಮಳೆ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಓಡಿ ಹೊಳೆ ಸೇರುತ್ತದೆ. ಶಿವರಾತ್ರಿ ಕಳೆದ ಮೇಲೆ ಬಾವಿ ದಿನಕ್ಕಿಷ್ಟು ಇಳಿಯುತ್ತದೆ. ಏಪ್ರಿಲ್ ಕೊನೆಗೆ ಕೆಲವು ಊರುಗಳಿಗೆ ಟ್ಯಾಂಕರ್ ಬರುವುದೂ ಇದೆ.

ಬಾವಿ ಪರೀಕ್ಷೆಗೆ ನನಗೆ ಗೊತ್ತಿರುವ ದಾರಿ ಇದು. ಮೇ ಮೊದಲ ಎರಡು ವಾರದಲ್ಲಿ ಒಂದು ಸಂಜೆ ಹೋಗಿ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಡಿ. ಕಲ್ಲು ನೀರು ಮುಟ್ಟಿದ ಕಡೆ ಒಂದು ಗಂಟು, ತಳ ಮುಟ್ಟಿದ ಕಡೆ ಇನ್ನೊಂದು ಗಂಟು ಹಾಕಿ. ಆಮೇಲೆ ಪಂಪು ಹಾಕಿ ಸಾವಿರ ಲೀಟರ್ ಟ್ಯಾಂಕು ತುಂಬಿಸಿ. ಮರುದಿನ ಬೆಳಿಗ್ಗೆ ಮತ್ತೆ ಹಗ್ಗ ಬಿಡಿ. ನೀರು ಮೊದಲ ಗಂಟಿಗೆ ವಾಪಸ್ ಬಂದಿದ್ದರೆ ಆ ಬಾವಿಯನ್ನು ನಂಬಬಹುದು. ಅರ್ಧಕ್ಕೇ ನಿಂತಿದ್ದರೆ ಮನೆಗೆ ಸಾಕಾದೀತು, ತೋಟಕ್ಕೆ ಸಾಕಾಗದು. ಜಲಜೀವನ್ ಮಿಷನ್‌ನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ನಾಲ್ಕು ಜನಕ್ಕೆ 220 ಲೀಟರ್ ಆಯ್ತು. ದನ ಇದ್ದರೆ, ನೆಂಟರು ಬಂದರೆ ಜಾಸ್ತಿ.

ಕೆಲವು ಮನೆಗೆ ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ಬರುತ್ತದೆ. ಕರೆಂಟು ಬೇಡ, ಪಂಪು ಬೇಡ, ಹಗಲೂ ರಾತ್ರಿ ಸುಮ್ನೆ ಬೀಳುತ್ತಿರುತ್ತದೆ. ಇಂಥ ನೀರಿರುವ ಮನೆಗೆ ನಾನು ಬೇರೆ ಎರಡು ಕೊರತೆಯನ್ನು ಮಾಫಿ ಮಾಡುತ್ತೇನೆ. ಒಂದು ಮಾತು ಕೇಳಿಕೊಳ್ಳಿ: ಆ ಒರತೆ ಎಷ್ಟು ಮನೆಗೆ ಹೋಗುತ್ತದೆ, ಬೇಸಿಗೆಯಲ್ಲಿ ಸರದಿ ಹೇಗೆ? ಮಳೆಗಾಲದಲ್ಲಿ ಪೈಪಿನ ಬಾಯಿಗೆ ದರಗು, ಅಂದರೆ ಉದುರಿದ ಎಲೆ, ಕಟ್ಟಿಕೊಳ್ಳುತ್ತದೆ. ಗುಡ್ಡ ಹತ್ತಿ ಬಿಡಿಸುವವರು ಮನೆಯಲ್ಲಿ ಒಬ್ಬರು ಇರಬೇಕು.

ಆಸ್ಪತ್ರೆಯನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಮಳೆಯ ರಾತ್ರಿ ಎಷ್ಟು ನಿಮಿಷ ಅಂತ ಅಳೆಯಿರಿ. ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. 108 ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಯಾರಿರುತ್ತಾರೆ? ಹಾವು ಕಡಿತದ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿ ಯಾವಾಗಲೂ ಇರುತ್ತದೆ? ಈ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಹಾವು ಯಾವುದೇ ಇರಲಿ, ನಾಟಿ ಮದ್ದು ಅಂತ ಹೊತ್ತು ಕಳೆಯದೆ ಆಸ್ಪತ್ರೆಗೇ ಹೋಗಬೇಕು.

ಮಂಗನ ಕಾಯಿಲೆಯ ವಿಷಯವನ್ನು ಮನೆ ಮಾರುವವರು ಹೇಳುವುದಿಲ್ಲ. ಅದು ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮೈಗೆ ಅಂಟಿ ರಕ್ತ ಹೀರುವ ಉಣುಗು ಹುಳಕ್ಕೆ ಸೋಂಕಿದ್ದು, ಅದು ಕಚ್ಚಿದರೆ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. 2018–19ರ ಬೇಸಿಗೆಯಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗದಲ್ಲಿ ಜೋರಾಗಿ ಹಬ್ಬಿ ಸಾವುಗಳೂ ಆದವು. ಹೆದರಿ ಬರುವುದನ್ನೇ ಬಿಡಬೇಕಿಲ್ಲ. ಆ ಊರಲ್ಲಿ ಹಿಂದೆ ಬಂದಿತ್ತಾ ಅಂತ ಆಶಾ ಕಾರ್ಯಕರ್ತೆಯರನ್ನು ಕೇಳಿ. ದರಗು ತರಲು ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಹತ್ತಿರ ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಗದಪತ್ರಕ್ಕೆ ಒಬ್ಬ ಸ್ಥಳೀಯ ವಕೀಲರನ್ನು ಹಿಡಿಯಿರಿ. ಪೇಟೆಯ ವಕೀಲರಿಗೆ ಮಲೆನಾಡಿನ ಜಮೀನಿನ ಒಳಸುಳಿ ಗೊತ್ತಿರುವುದಿಲ್ಲ. 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ಹೋದವು. ಆಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆ ತೊಡಕು ಹೋಯಿತು, ಉಳಿದವು ಹಾಗೇ ಇವೆ. "ಎರಡು ಎಕರೆ ತೋಟ, ನಾಲ್ಕು ಎಕರೆ ಬೆಟ್ಟ" ಅಂತ ಹೇಳಿ ಬೆಲೆ ಕಟ್ಟುತ್ತಾರೆ. ಈ ಬೆಟ್ಟ ಅಂದರೆ ಸೊಪ್ಪಿನಬೆಟ್ಟ, ಅದು ಸರ್ಕಾರದ್ದು. ತೋಟದವರಿಗೆ ಅಲ್ಲಿ ಸೊಪ್ಪು, ದರಗು ತೆಗೆಯುವ ಸವಲತ್ತು ಮಾತ್ರ. ಅದಕ್ಕೆ ದುಡ್ಡು ಕೊಟ್ಟರೆ ನಿಮ್ಮದಾಗುವುದಿಲ್ಲ. ಪಹಣಿಯಲ್ಲಿ ಎಷ್ಟಿದೆಯೋ ಅಷ್ಟಕ್ಕೇ ಬೆಲೆ. ಬಗರ್‌ಹುಕುಂನಲ್ಲಿ (ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮ ಮಾಡಿ) ಮಂಜೂರಾದ ಜಮೀನು, 94ಸಿ ಕಲಂನಲ್ಲಿ (ಸರ್ಕಾರಿ ಜಾಗದಲ್ಲಿ ಕಟ್ಟಿದ್ದನ್ನು ಸಕ್ರಮ ಮಾಡಿ) ಹಕ್ಕುಪತ್ರ ಸಿಕ್ಕ ಮನೆ ಆದರೆ ಪರಭಾರೆ ಮಾಡಬಾರದು ಅನ್ನುವ ಷರತ್ತು ಇದೆಯಾ ಅಂತ ಮಂಜೂರಾತಿ ಪತ್ರದಲ್ಲೇ ಓದಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಅದು ನಿಲ್ಲುವುದಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು.

ಕರೆಂಟಿನ ಲೆಕ್ಕ ಸುಲಭ. ಜೂನ್, ಜುಲೈಯಲ್ಲಿ ಮರ ಬಿದ್ದು ಲೈನು ಹೋದರೆ ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರ್‌ನಲ್ಲೂ ಒಂದಿಷ್ಟು ಹೋಗುತ್ತದೆ. ಸಾವಿರ ಸಿಗುತ್ತದೆ ಅಂದುಕೊಳ್ಳಿ. ಲ್ಯಾಪ್‌ಟಾಪ್ ಆರು ಗಂಟೆ, ರೂಟರ್ ಹತ್ತು ಗಂಟೆ, ಐದು ಎಲ್‌ಇಡಿ ಬಲ್ಬು ಐದೈದು ಗಂಟೆ ಅಂದರೆ ದಿನಕ್ಕೆ ಸುಮಾರು 700. ಒಂದು ಬ್ಯಾಟರಿಗೆ ಒಂದೂವರೆ ದಿನವೂ ಪೂರ್ತಿ ಬರುವುದಿಲ್ಲ. ಮಿಕ್ಸಿ, ಪಂಪು ಇದರಲ್ಲಿ ಸೇರಿಲ್ಲ. ಮೋಡ ಕವಿದ ಮೂರು ತಿಂಗಳು ಸೋಲಾರ್ ಮೇಲೆ ಭಾರ ಹಾಕಬೇಡಿ. ಸ್ನಾನಕ್ಕೆ ಹಂಡೆ ಒಲೆಯೇ ಗತಿ.

ನೆಟ್‌ವರ್ಕ್ ವಿಷಯ ಚಿಕ್ಕದು: ಮೂರು ಕಂಪನಿಯ ಸಿಮ್ ಜೇಬಿನಲ್ಲಿಟ್ಟುಕೊಂಡು ಮನೆಯ ಒಳಗೆ ನಿಂತು ವಿಡಿಯೋ ಕಾಲ್ ಮಾಡಿ. ಕರೆಂಟು ಹೋದಾಗ ಟವರ್ ಎಷ್ಟು ಹೊತ್ತು ಬದುಕಿರುತ್ತದೆ ಅಂತ ಪಕ್ಕದ ಮನೆಯ ಹುಡುಗರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಅಕ್ಕಪಕ್ಕ ಅಂದರೆ ಕೂಗಿದರೆ ಕೇಳುವ ದೂರದಲ್ಲಿ ಒಂದು ಮನೆಯಾದರೂ ಇರಬೇಕು, ಅಲ್ಲಿ ಗಟ್ಟಿಮುಟ್ಟಾದವರು ಒಬ್ಬರಾದರೂ ಇರಬೇಕು. ಈಗ ಎಷ್ಟೋ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಉಳಿದಿದ್ದಾರೆ. ಅವರಿಗೆ ನೀವೇ ಆಸರೆ ಆಗಬೇಕಾಗುತ್ತದೆ. ಅದಕ್ಕೆ ಮನಸ್ಸಿದೆಯಾ ಅಂತ ಮನೆಯಲ್ಲಿ ಮಾತಾಡಿಕೊಳ್ಳಿ.

ಬೀಗ ಹಾಕಿದ ಅಜ್ಜನ ಮನೆ

ಕೈಲಿರುವುದನ್ನು ಬಿಟ್ಟು ಬೇರೆ ಹುಡುಕುವುದೇಕೆ ಅಂತ ಎಲ್ಲರೂ ಹೇಳುತ್ತಾರೆ. ದಾರಿ, ನೀರು, ನೆರೆಹೊರೆ ಎಲ್ಲ ಗೊತ್ತಿರುವುದೇ. ಊರಿನವರು "ಇಂಥವರ ಮೊಮ್ಮಗ" ಅಂತ ಗುರುತು ಹಿಡಿಯುತ್ತಾರೆ. ಈ ಗುರುತು ಕಷ್ಟಕಾಲದಲ್ಲಿ ಯಾವ ಇನ್ವರ್ಟರ್‌ಗಿಂತಲೂ ದೊಡ್ಡದು.

ತೊಂದರೆ ಎರಡು. ಒಂದು, ಜಂಟಿ ಖಾತೆ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರ ಹಕ್ಕು ಎಲ್ಲ ಅದರಲ್ಲಿರುತ್ತದೆ. ಪಾಲು ಆಗದೆ ನೀವು ಮಾಡಿಗೆ ಲಕ್ಷಗಟ್ಟಲೆ ಸುರಿದರೆ ಆ ದುಡ್ಡು ಎಲ್ಲರ ಆಸ್ತಿಗೆ ಹೋದ ಹಾಗೆ. ರಿಪೇರಿಗೆ ಕೈ ಹಾಕುವ ಮೊದಲು ಎಲ್ಲರನ್ನೂ ಒಂದು ಹಬ್ಬಕ್ಕೆ ಆ ಮನೆಗೇ ಕರೆದು ಕೂರಿಸಿ ಮಾತಾಡಿ. ಪಾಲುಪಟ್ಟಿ ಆದರೆ ಒಳ್ಳೆಯದು. ಆಗದಿದ್ದರೆ ಇಷ್ಟು ವರ್ಷ ಇರುತ್ತೇವೆ, ರಿಪೇರಿ ಖರ್ಚು ಹೀಗೆ ಅಂತ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ.

ಎರಡನೆಯದು, ಮುಚ್ಚಿದ ಮನೆಯ ಆರೋಗ್ಯ. ಮಲೆನಾಡಿನ ಮನೆ ಒಲೆಯ ಹೊಗೆಯಿಂದ ಬದುಕುತ್ತದೆ. ದಿನಾ ಉರಿ ಹಾಕುವ ಮನೆಯ ಮಾಡಿನ ಮರಗಳಾದ ಪಕಾಸಿ, ರೀಪು ಒಣಗಿ ಕರ್ರಗಿರುತ್ತವೆ, ಹುಳ ಹತ್ತುವುದಿಲ್ಲ. ಐದು ವರ್ಷ ಬೀಗ ಬಿದ್ದ ಮನೆಯಲ್ಲಿ ಒರಲೆ (ಗೆದ್ದಲು) ಗೋಡೆ ಹತ್ತಿ ತೊಲೆಗೆ ಹೋಗಿರುತ್ತದೆ. ಒಂದು ಸ್ಕ್ರೂಡ್ರೈವರ್ ತಗೊಂಡು ಹೋಗಿ, ತೊಲೆ ಗೋಡೆಗೆ ಸೇರುವ ಕಡೆ ಚುಚ್ಚಿ. ಠಣ್ ಅಂದರೆ ಮರ ಗಟ್ಟಿ. ಮೆತ್ತಗೆ ಒಳಗೆ ಹೋದರೆ ಆ ತೊಲೆ ಬದಲಾಗಬೇಕು. ಇಂಥ ತೊಲೆ ಒಂದೆರಡಿದ್ದರೆ ಚಿಂತೆಯಿಲ್ಲ. ಮಾಡಿನ ಅರ್ಧ ಹೀಗಿದ್ದರೆ ಹೊಸದಾಗಿ ಕಟ್ಟುವ ಖರ್ಚಿಗೇ ಹತ್ತಿರ ಬರುತ್ತದೆ.

ಬಾಡಿಗೆ ಮನೆ

ಇದು ನನ್ನ ಮೊದಲ ಆಯ್ಕೆ. ಯಾರು ಕೇಳಿದರೂ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ ಅನ್ನುತ್ತೇನೆ. ಮೃಗಶಿರಕ್ಕೆ ಮೊದಲು ಬಂದು ದೀಪಾವಳಿ ತನಕ ಇರಿ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಈ ನಾಲ್ಕು ಮಳೆ ಕಂಡರೆ ನಿಮಗೂ ಮನೆಯವರಿಗೂ ಉತ್ತರ ತಾನಾಗಿ ಸಿಗುತ್ತದೆ.

ನಮ್ಮ ಮೊದಲ ಆರಿದ್ರೆಯ ರಾತ್ರಿ ಇನ್ನೂ ನೆನಪಿದೆ. ಗಾಳಿಗೆ ಹೆಂಚು ಒಂದಿಷ್ಟು ಸರಿದು ನಡುಮನೆಯಲ್ಲಿ ಸೋರಲು ಶುರುವಾಯಿತು. ಒಂದು ಕಡೆ ಪಾತ್ರೆ ಇಟ್ಟರೆ ಇನ್ನೊಂದು ಕಡೆ. ಬೆಳಗಾಗುವಷ್ಟರಲ್ಲಿ ಕೊಳಗ, ಚರಿಗೆ, ಇಡ್ಲಿ ಪಾತ್ರೆ ಎಲ್ಲ ನೆಲದ ಮೇಲಿದ್ದವು. ನಮ್ಮ ಸಣ್ಣವಳು ಒಂದೊಂದು ಪಾತ್ರೆಯ ಸದ್ದನ್ನೂ ಗುರುತಿಸುತ್ತಾ ಕಂಬಳಿಯೊಳಗೆ ಎಚ್ಚರವಾಗಿದ್ದಳು. ಹೆಂಚಿನ ಮನೆಗೆ ಪ್ರತಿ ವರ್ಷ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು, ಮಳೆ ಹೊಡೆಯುವ ಕಡೆ ಜಗಲಿಗೆ ಸೋಗೆ ತಟ್ಟಿ ಕಟ್ಟಬೇಕು. ಇದು ಯಾರ ಖರ್ಚು, ಮಾಲೀಕರದ್ದೋ ನಿಮ್ಮದೋ? ಬಾಡಿಗೆ ಮಾತಾಡುವಾಗಲೇ ಬಾಯಿಬಿಟ್ಟು ಕೇಳಿ. ಒಳ್ಳೇ ಕೆಲಸಗಾರರು ಏಪ್ರಿಲ್‌ಗೇ ಬೇರೆಯವರಿಗೆ ಮಾತು ಕೊಟ್ಟಿರುತ್ತಾರೆ.

ಬಾಡಿಗೆಯ ಕೊರತೆ ಏನೆಂದರೆ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಕೇಳಬೇಕು, ಗಿಡ ನೆಟ್ಟರೆ ಹಣ್ಣು ತಿನ್ನುವವರು ಬೇರೆ. ಮಾಲೀಕರ ಮಕ್ಕಳು ಹೋಂಸ್ಟೇ ಮಾಡುತ್ತೇವೆ ಅಂತ ಬಂದರೆ ಬಿಟ್ಟುಕೊಡಬೇಕು. ಕನಿಷ್ಠ ಎರಡು ವರ್ಷದ ಕರಾರು ಇರಲಿ. ಕಡಿಮೆ ದುಡ್ಡಿನವರಿಗೆ, ಇನ್ನೂ ಮನಸ್ಸು ತೂಗುತ್ತಿರುವವರಿಗೆ ಇದಕ್ಕಿಂತ ಕ್ಷೇಮದ ದಾರಿ ಇಲ್ಲ.

ತೋಟದ ಸಮೇತ ಮನೆ

ತುಂಬಾ ಜನರ ಕನಸು ಇದೇ. ನಿಂತ ತೋಟ, ಬಾವಿ, ಕೊಟ್ಟಿಗೆ, ಮನೆ ಎಲ್ಲ ಒಂದೇ ಸಲಕ್ಕೆ ಸಿಗುತ್ತದೆ. ಫಸಲಿನ ದುಡ್ಡಿನಲ್ಲಿ ಜೀವನ ನಡೆಯುತ್ತದೆ ಅನ್ನುವ ಲೆಕ್ಕ ಮಾತ್ರ ಜಾಗ್ರತೆಯಿಂದ ಹಾಕಬೇಕು.

ಅಡಿಕೆಗೆ ಮಳೆಗಾಲದಲ್ಲಿ ಕೊಳೆ ರೋಗ ಇದ್ದದ್ದೇ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿ, ಮಳೆ ಬಿಟ್ಟ ಹೊತ್ತು ನೋಡಿ ಔಷಧಿ ಹೊಡೆಸಬೇಕು. ಮರ ಹತ್ತುವ ಕೊನೆಗಾರರು ಸಿಗಬೇಕು. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಬಂದು ಮಲೆನಾಡಿನ ಎಷ್ಟೋ ತೋಟಗಳ ಬಣ್ಣವೇ ಬದಲಾಗಿದೆ. ತೋಟ ನೋಡುವಾಗ ತಲೆ ಎತ್ತಿ ಕೆಳಗಿನ ಸೋಗೆಗಳನ್ನು ನೋಡಿ. ಕಂದು ಚುಕ್ಕೆ ಸೇರಿ ಸೇರಿ ಸೋಗೆ ಸುಟ್ಟಂತಾಗಿದ್ದರೆ ಇಳುವರಿಯ ಹಳೇ ಲೆಕ್ಕವನ್ನು ನಂಬಬೇಡಿ. ಹೊಸ ಗಿಡ ನೆಟ್ಟರೆ ಕೈಗೆ ಫಸಲು ಬರಲು ಐದಾರು ವರ್ಷ ಬೇಕು.

ಹಾಗಾಗಿ ಮೂರು ವರ್ಷ ತೋಟದಿಂದ ಒಂದು ರೂಪಾಯಿ ಬಾರದಿದ್ದರೂ ಮನೆ ನಡೆಸುವ ದುಡ್ಡು ಬೇರೆ ಇದ್ದವರು ಮಾತ್ರ ಇದಕ್ಕೆ ಕೈ ಹಾಕಿ. ಸಾಲ ಮಾಡಿ ತೋಟ ಕೊಂಡು, ತೋಟದಿಂದ ಸಾಲ ತೀರಿಸುತ್ತೇನೆ ಅನ್ನುವವರನ್ನು ನಾನು ಕೈ ಹಿಡಿದು ತಡೆಯುತ್ತೇನೆ. ಮೊದಲ ವರ್ಷ ತೋಟವನ್ನು ಊರಿನವರಿಗೇ ಫಸಲು ಗುತ್ತಿಗೆಗೆ ಕೊಟ್ಟು, ಅವರ ಹಿಂದೆ ಓಡಾಡಿ ಕಲಿಯುವುದು ಒಳ್ಳೆಯ ಕ್ರಮ.

ಜಾಗ ತಗೊಂಡು ಹೊಸ ಮನೆ

ಮನಸ್ಸಿಗೆ ಬಂದಂತೆ ಕಟ್ಟಬಹುದು, ಒರಲೆ ಇಲ್ಲದ ಮನೆ ಸಿಗುತ್ತದೆ. ಬೆಲೆ ಮಾತ್ರ ಜಾಸ್ತಿ. ಮರಳು, ಸಿಮೆಂಟು, ಕಬ್ಬಿಣ ಎಲ್ಲ ಮಣ್ಣುದಾರಿಯಲ್ಲಿ ಒಳಗೆ ಬರಬೇಕು. ಕೆಲಸ ನಡೆಯುವುದು ನವೆಂಬರ್‌ನಿಂದ ಮೇ ತನಕ. ಅಂದರೆ ಸಾಮಾನ್ಯವಾಗಿ ಎರಡು ಬೇಸಿಗೆ ಹಿಡಿಯುತ್ತದೆ. ಕೃಷಿ ಜಮೀನಾದರೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಮೊದಲೇ ತಾಲೂಕು ಕಚೇರಿಯಲ್ಲಿ ವಿಚಾರಿಸಿ.

ನನಗೆ ಭಯ ಇರುವುದು ಧರೆಯದ್ದು. ಇಳಿಜಾರಿನಲ್ಲಿ ಜೆಸಿಬಿ ತಂದು ಗುಡ್ಡ ಕಡಿದು ಸಮ ಮಾಡುತ್ತಾರೆ. ಹಿಂದೆ ನೆಟ್ಟಗೆ ನಿಂತ ಹಸಿ ಧರೆ, ಅದರ ಬುಡದಲ್ಲಿ ಅಡುಗೆಮನೆ. 2019ರ ಆಗಸ್ಟ್ ಮಳೆಗೆ ಮಲೆನಾಡಿನ ಎಷ್ಟೋ ಕಡೆ ಗುಡ್ಡ ಜರಿಯಿತು. ಮಣ್ಣಿನೊಳಗೆ ನೀರು ತುಂಬಿ ಭಾರವಾದಾಗ, ಬುಡದ ಆಸರೆ ಕಡಿದಿದ್ದರೆ ಅದು ಇಳಿಯಲೇಬೇಕು. ಹಳಬರು ಮನೆ ಕಟ್ಟಿದ ಜಾಗ ನೋಡಿ. ಗುಡ್ಡದ ತುದಿಯೂ ಅಲ್ಲ, ಹಳ್ಳದ ದಂಡೆಯೂ ಅಲ್ಲ, ನಡುವಿನ ತಟ್ಟಿನಲ್ಲಿ ಕಟ್ಟಿದ್ದಾರೆ. ಮೇಲಿನ ನೀರು ಮನೆಯತ್ತ ಬಾರದಂತೆ ಹಿಂದೆ ಅಗಳ ತೋಡಿದ್ದಾರೆ. ಅಂಥ ಜಾಗ ಸಿಕ್ಕರೆ ಹೊಸ ಮನೆ ಒಳ್ಳೆಯದೇ. ಹಿಂದೆ ಎರಡಾಳು ಎತ್ತರ ಕಡಿಯಬೇಕಾದ ಜಾಗ ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ.

ಪೇಟೆಯ ಅಂಚು

ತೀರ್ಥಹಳ್ಳಿ ಅಥವಾ ಸಾಗರದಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಮನೆ ಹಿಡಿಯುವುದನ್ನು ಅರೆಮನಸ್ಸಿನ ಆಯ್ಕೆ ಅಂತ ಕೆಲವರು ತಳ್ಳಿಹಾಕುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಅರವತ್ತು ದಾಟಿದವರಿಗೆ, ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಇದೇ ಸರಿ. ತೋಟದ ನೋಟ ಇಲ್ಲೂ ಇದೆ, ಮಳೆಯ ಸದ್ದು ಇಲ್ಲೂ ಇದೆ. ರಾತ್ರಿ ಹತ್ತಕ್ಕೆ ಎದೆನೋವು ಬಂದರೆ ಹತ್ತು ನಿಮಿಷದಲ್ಲಿ ಆಸ್ಪತ್ರೆ ಇದೆ. ಒಳಗಿನ ಊರಿಗಿಂತ ಬಾಡಿಗೆ, ಬೆಲೆ ಎರಡೂ ಜಾಸ್ತಿ ಅನ್ನುವುದೊಂದೇ ತೊಡಕು.

ಯಾವ ಕಡೆ ಅನ್ನುವ ಪ್ರಶ್ನೆಗೂ ಎರಡು ಮಾತು. ಸಾಗರಕ್ಕೆ ರೈಲಿದೆ. ಬೆಂಗಳೂರಿಗೆ ಆಗಾಗ ಹೋಗಿಬರುವವರಿಗೆ ಅದು ದೊಡ್ಡ ಅನುಕೂಲ. ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿಲೋಮೀಟರ್. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲದ ದೊಡ್ಡ ಆಸ್ಪತ್ರೆಗೂ ಹೋಗಬಹುದು. ಮಳೆಗಾಲದಲ್ಲಿ ಘಾಟಿಯ ಹದಿನಾಲ್ಕು ತಿರುವುಗಳನ್ನು ನಂಬಿ ಕೂರಬೇಡಿ ಅಷ್ಟೇ. ಹೊಸನಗರದ ಪಶ್ಚಿಮ ಭಾಗ, ಬಿದನೂರು ನಗರ, ಹುಲಿಕಲ್ ಕಡೆ ಜಾಗ ಕಡಿಮೆಗೆ ಸಿಗಬಹುದು, ಮಳೆ ಮಾತ್ರ ಆಗುಂಬೆಯಷ್ಟೇ ಜೋರು. ಸೊರಬದ ಕಡೆ ಮಳೆ ಸೌಮ್ಯ, ದಾರಿ ಸುಲಭ. ಬೇಸಿಗೆಯ ನೀರನ್ನು ಅಲ್ಲಿ ಇನ್ನೊಂದು ಸಲ ಜಾಸ್ತಿ ವಿಚಾರಿಸಬೇಕು. ಸಾಗರ ತಾಲೂಕಿನ ತುಮರಿಯ ಕಡೆ ಮನೆ ನೋಡುವವರಿಗೆ ಲೆಕ್ಕವೇ ಬದಲಾಗಿದೆ. ಶರಾವತಿ ಹಿನ್ನೀರಿಗೆ ಅಡ್ಡಲಾಗಿ 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿತು. ಶರಾವತಿ ಅಣೆಕಟ್ಟಿನ ನೀರಿನಲ್ಲಿ ಜಮೀನು ಕಳೆದುಕೊಂಡ ಮುಳುಗಡೆಯವರಿಗೆ ಕೊಟ್ಟ ಜಮೀನಿನ ಕಾಗದದ ಸಮಸ್ಯೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಹಾಗಾಗಿ ಆ ಕಡೆ ಪಹಣಿಯನ್ನು ಎರಡು ಸಲ ಓದಿ.

ಹಾಗಾದರೆ ಯಾರಿಗೆ ಯಾವುದು?

ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು ಫೈಬರ್ ಲೈನು ಇರುವ ಊರಲ್ಲಿ ಬಾಡಿಗೆ ಹಿಡಿಯಿರಿ. ಮೊದಲ ತಿಂಗಳಲ್ಲೇ ಎರಡು ಬ್ಯಾಟರಿ ಹಾಕಿಸಿ. ಫೈಬರ್ ಕಂಬದ ಮೇಲೆ ಬರುವುದಾದರೆ ಮರ ಬಿದ್ದಾಗ ಕರೆಂಟಿನ ಜೊತೆ ಅದೂ ಹೋಗುತ್ತದೆ. ಅಂಥ ದಿನಕ್ಕೆ ಪೇಟೆಯಲ್ಲಿ ಕೂತು ಕೆಲಸ ಮಾಡಲು ಒಂದು ಜಾಗ ಗೊತ್ತು ಮಾಡಿಕೊಳ್ಳಿ.

ನಿವೃತ್ತಿಯಾದ ದಂಪತಿಗೆ ಪೇಟೆಯ ಅಂಚು. ಅಜ್ಜನ ಮನೆ ಗಟ್ಟಿಯಿದ್ದು, ಅಲ್ಲಿ ಅಣ್ಣನೋ ತಮ್ಮನೋ ಪಕ್ಕದಲ್ಲೇ ಇದ್ದರೆ ಅದು ಇನ್ನೂ ಒಳ್ಳೆಯದು. ಒಂಟಿಮನೆಗೆ ಇಬ್ಬರೇ ಹೋಗುವುದು ಬೇಡ.

ಚಿಕ್ಕ ಮಕ್ಕಳಿರುವವರು ಮೊದಲು ಶಾಲೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ನೋಡಿ, ಅಲ್ಲಿಂದ ಮಗು ನಡೆಯಬಲ್ಲಷ್ಟು ದೂರದಲ್ಲಿ ಮನೆ ಹುಡುಕಿ. ನಡುವೆ ಸಂಕ ಇದ್ದರೆ ಆ ಮನೆ ಬೇಡ. ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ನಮ್ಮ ಸಣ್ಣವಳು ಮೂರು ಮಳೆಗಾಲ ಸಂಕ ದಾಟಿ ಶಾಲೆಗೆ ಹೋದಳು. ಅವಳು ಆಚೆ ದಡದಲ್ಲಿ ನಿಂತು ಕೈ ಬೀಸುವ ತನಕ ನನ್ನ ಜೀವ ಕೈಯಲ್ಲಿರುತ್ತಿತ್ತು.

ಕೃಷಿ ಮಾಡಲೇಬೇಕು ಅನ್ನುವವರು ಎರಡು ವರ್ಷ ಬಾಡಿಗೆಗೆ ಇದ್ದು, ಬೇರೆಯವರ ತೋಟದಲ್ಲಿ ಕೈ ಕೆಸರು ಮಾಡಿಕೊಂಡು ಆಮೇಲೆ ಕೊಳ್ಳಿ. ಅಷ್ಟರಲ್ಲಿ ಊರಿನವರೇ ನಿಮಗೆ ಒಳ್ಳೇ ಜಾಗ ತೋರಿಸುತ್ತಾರೆ. ಮಾರಾಟದ ಸುದ್ದಿ ಬ್ರೋಕರ್‌ಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಯಾವುದೇ ಮನೆ ಆರಿಸಿಕೊಳ್ಳಿ, ಈ ಬೇಸಿಗೆಯಲ್ಲೇ ಬರುವುದಾದರೆ ಸಾಮಾನಿನ ಲಾರಿಯನ್ನು ಮೇ 20ಕ್ಕೆ ಮೊದಲೇ ಒಳಗೆ ತನ್ನಿ. ಅದಕ್ಕೂ ಮೊದಲು ಕಟ್ಟಿಗೆ ಕೊಂಡು ಕೊಟ್ಟಿಗೆಯಲ್ಲೋ ಜಗಲಿಯ ಹಿಂದೆಯೋ ಪೇರಿಸಿ. ಜೂನ್‌ನಲ್ಲಿ ತಂದ ಕಟ್ಟಿಗೆ ದೀಪಾವಳಿ ತನಕ ಹೊಗೆಯನ್ನೇ ಕೊಡುತ್ತದೆ. ಅಕ್ಕಿ, ಬೇಳೆ, ಉಪ್ಪು, ಮೆಣಸಿನಕಾಯಿ ಗಾಳಿ ಹೋಗದ ಡಬ್ಬಿಯಲ್ಲಿ ಒಂದು ತಿಂಗಳಿಗಾಗುವಷ್ಟಿರಲಿ. ತುಂಬಿದ ಸಿಲಿಂಡರ್ ಎರಡಿರಲಿ. ಹಾಸಿಗೆ ಬಟ್ಟೆಯನ್ನು ಮೇ ಬಿಸಿಲಿಗೆ ಎರಡು ದಿನ ಪೂರ್ತಿ ಒಣಗಿಸಿ ಎತ್ತಿಡಿ. ಆಮೇಲೆ ಆಚೆಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಈ ಹಳ್ಳ ಎಲ್ಲಿಯ ತನಕ ಏರುತ್ತದೆ ಅಂತ ಕೇಳಿ. ಅವರು ಎದ್ದು ಬಂದು ಮರದ ಮೇಲೆ ಗುರುತು ತೋರಿಸುತ್ತಾರೆ. ಆ ಗುರುತಿಗೆ ಒಂದು ಕೆಂಪು ಬಟ್ಟೆ ಕಟ್ಟಿಡಿ.